ನಮ್ಮ ಮಾರಿಗೆ ಒಗ್ಗೋ ಡೆವಲಪರ್



ಕುಂದಗೋಳ ಕಡೆಯ ನಮ್ಮ ಹುಡುಗನೊಬ್ಬ ಹಳೇ ಫಿಲಂ ಕ್ಯಾಮೆರಾದಾಗ ಕೇರಿಯ ಹಿರಿಯರ ಕಪ್ಪು-ಬಿಳುಪು ಫೋಟೊ ತೆಗೀತಿದ್ದಾನ. ಡಾರ್ಕ್‌ರೂಮಿನಾಗ ತಾನೇ ಪ್ರಿಂಟ್ ಹಾಕಿ ಏಪ್ರಿಲ್ 14ಕ್ಕೆ ಸಮುದಾಯ ಭವನದ ಗೋಡೆಗೆ ಹಚ್ಚಬೇಕಂತ. "ಅಣ್ಣಾ, ಫಿಲಂ ತೊಳಿಯಾಕ ಯಾವ ಡೆವಲಪರ್ ತಗೊಳ್ಳಿ?" ಅಂತ ಕೇಳಿದ. ಉತ್ತರ ಇನ್ನೂ ಹಲವರಿಗೆ ಬೇಕಾದೀತು ಅಂತ ಇಲ್ಲೇ ಬರೀತಿದ್ದೇನೆ.

ನಮ್ಮ ಹಿರಿಯರು ಎರಿ ಹೊಲದಾಗ, ನಡು ಮಧ್ಯಾಹ್ನ, ಬಿಳಿ ಧೋತರ ಬಿಳಿ ಪಟಗಾ ಸುತ್ತಿ ನಿಂತಿರ್ತಾರ. ಮಾರಿ ಕಪ್ಪು. ಬಟ್ಟೆಗೆ ಲೆಕ್ಕ ಹಾಕಿ ಬೆಳಕು ಕೊಟ್ಟರೆ ಮಾರಿ ಮಸಿ ಆಗ್ತದ. ನಮ್ಮ ಅವ್ವಂದು ಒಂದೇ ಒಂದು ಫೋಟೊ ಉಳಿದಿದೆ. ಸೀರೆಯ ನಿರಿಗೆ ಎಣಿಸಬಹುದು, ಕಣ್ಣು ಮಾತ್ರ ಕಾಣೋದಿಲ್ಲ. ಸ್ಟುಡಿಯೊದವರು "ಬಣ್ಣಾನ ಹಂಗೈತಿ, ನಾವೇನ್ ಮಾಡೂಣು" ಅಂದಿದ್ರು.

ಬೇಕಾದವರಿಗೆ ಕಪ್ಪು ಮಾರಿ ಚಲೋನೇ ಮೂಡ್ತದ. ಪೋಲರಾಯ್ಡ್ ಕ್ಯಾಮೆರಾದಿಂದ ದಕ್ಷಿಣ ಆಫ್ರಿಕಾ ಸರ್ಕಾರ ಕರಿಯರ ಪಾಸ್‌ಬುಕ್ಕಿಗೆ ಫೋಟೊ ತೆಗೆಸುತ್ತಿತ್ತು. 1970ರಲ್ಲಿ ಆ ಕಂಪನಿಯ ಕರಿಯ ನೌಕರರಾದ ಕ್ಯಾರೊಲೀನ್ ಹಂಟರ್, ಕೆನ್ ವಿಲಿಯಮ್ಸ್ ಇದರ ವಿರುದ್ಧ ಬೀದಿಗಿಳಿದರು. 1977ರಲ್ಲಿ ಕಂಪನಿ ಅಲ್ಲಿಂದ ಕಾಲ್ತೆಗೀಬೇಕಾಯ್ತು.

ಈಗ ಕೆಲಸದ ಮಾತು, ತಮ್ಮಾ. ಫಿಲಮ್ಮಿಗೆ ಬೀಳದ ಬೆಳಕನ್ನು ಯಾವ ಡೆವಲಪರೂ ಹುಟ್ಟಿಸಲಾರದು. ಇಡೀ ಚಿತ್ರಕ್ಕೆ ಮೀಟರ್ ಹೇಳಿದ್ದಕ್ಕಿಂತ ಒಂದು ಸ್ಟಾಪ್ ಜಾಸ್ತಿ ಕೊಡು. ಆಗ ಧೋತರ ಸುಟ್ಟಂಗ ಆಗದಿರಲಿ ಅಂತ ಮೆತ್ತನ್ನ ಡೆವಲಪರ್ ಬೇಕು. ಕೊಡಾಕಿನ ಡಿ-76ಕ್ಕೆ ಸಮ ನೀರು ಬೆರೆಸಿ, ಕಡಿಮೆ ಅಲುಗಾಡಿಸಿ ತೊಳಿ. ಬೆಳಕು ಹೆಚ್ಚು ಬಿದ್ದಲ್ಲಿ ತೆಳು ಡೆವಲಪರ್ ಲಗೂ ದಣೀತದ, ನೆರಳಿನ ಜಾಗದಾಗ ದುಡೀತಾನೇ ಇರ್ತದ. ಇನ್ನೂ ಮೆತ್ತಗ ಬೇಕಂದ್ರ ಡಿ-23: ಲೀಟರಿಗೆ ಮೆಟಾಲ್ 7.5 ಗ್ರಾಂ, ಸೋಡಿಯಂ ಸಲ್ಫೈಟ್ 100 ಗ್ರಾಂ. ಎರಡೇ ಪುಡಿ, ಮನ್ಯಾಗ ಕಲಸಬಹುದು. ಮೊದಲು ಮೆಟಾಲ್, ಆಮೇಲೆ ಸಲ್ಫೈಟ್. ಮೆಟಾಲ್ ಕೆಲವರ ಚರ್ಮಕ್ಕೆ ಆಗೋದಿಲ್ಲ, ಕೈಗವಸು ಹಾಕ್ಕೊ. ಸವಳು ಬೋರಿನ ನೀರು ಬ್ಯಾಡ, ಬ್ಯಾಟರಿಗೆ ಹಾಕೋ ಡಿಸ್ಟಿಲ್ಡ್ ವಾಟರ್ ತಗೋ. ಹಿರಿಯರನ್ನು ನಿಲ್ಲಿಸೋ ಮೊದಲು ಒಂದು ರೋಲು ಪರೀಕ್ಷೆ ಮಾಡು.

ಯಾವುದು ತಗೊಂಡರೂ ಧೋತರ ನೋಡಿ ಒಪ್ಪಬ್ಯಾಡ, ಹಿರಿಯರ ಕಣ್ಣು ನೋಡಿ ಒಪ್ಪು.

ನವಲಗುಂದ, ಅಣ್ಣಿಗೇರಿ, ಕಲಘಟಗಿ ಕಡೆ ಯಾರ ಮನ್ಯಾಗಾದರೂ ಹಳೇ ಎನ್‌ಲಾರ್ಜರ್ ಮೂಲ್ಯಾಗ ಬಿದ್ದಿದ್ರ ತಿಳಸ್ರಿ. ಹುಡುಗಗ ಬೇಕಾಗೇದ.