ಎಡಗೈಯ ಸದ್ದು

ನಮ್ಮ ಮನೆಯ ಸ್ಟೀರಿಯೋದಲ್ಲಿ ತಬಲಾದವನಿಗೆ ಎಡಗೈಯೇ ಇಲ್ಲ ಎಂಬುದು ಅಪ್ಪನ ಬಹಳ ದಿನದ ತಕರಾರು. ‘ತಮ್ಮಾ, ತಬಲಾ ಕೇಳಸ್ತದ, ಡಗ್ಗಾ ಎಲ್ಲಿ ಹೋತು?’ ಎನ್ನುತ್ತಿದ್ದರು. ಎಂಬತ್ತೆಂಟರ ಕಿವಿ ಎಂದುಕೊಂಡು ನಾನು ಸುಮ್ಮನಿರುತ್ತಿದ್ದೆ. ತಪ್ಪು ನನ್ನದು. ವಯಸ್ಸಾದವರ ಕಿವಿಯಿಂದ ಮೊದಲು ಜಾರುವುದು ಏರು ಸ್ವರಗಳು. ತಗ್ಗಿನವು ಬಹಳ ಕಾಲ ಜೊತೆಗಿರುತ್ತವೆ. ಡಗ್ಗಾದ ಗುಂಕಾರ ನೂರು ಹರ್ಟ್ಜ್‌ನ ಆಚೀಚಿನದು. ಅಂಗೈಯಗಲದ ನನ್ನ ಸ್ಪೀಕರುಗಳು ಅಷ್ಟು ಕೆಳಗಿಳಿಯುವ ಹೊತ್ತಿಗೆ ಕೈಚೆಲ್ಲುತ್ತಿದ್ದವು.

ಅಪ್ಪ ಧಾರವಾಡದಲ್ಲಿ ನೌಕರಿ ಮಾಡಿಕೊಂಡೇ ತಬಲಾ ಸಾಥಿಗೆ ಹೋಗುತ್ತಿದ್ದವರು. 1986ರಲ್ಲಿ ಒಂದು ಜಾತ್ರೆಯಲ್ಲಿ ನುಡಿಸಿದ್ದರ ಕ್ಯಾಸೆಟ್ಟು ಮಾತ್ರ ಉಳಿದಿದೆ. ಆ ರಾತ್ರಿ ವೇದಿಕೆ ಇಳಿದ ಮೇಲೆ ಹಾಡಿದವರು, ‘ನಿಮ್ಮ ಎಡಗೈ ಜಡ’ ಎಂದರಂತೆ. ಅಂದಿನಿಂದ ಇಬ್ಬರಿಗೂ ಮಾತಿಲ್ಲ. ಅವರು ತೀರಿಕೊಂಡು ವರ್ಷಗಳಾದವು. ಅಪ್ಪನ ಬೆರಳುಗಳು ಸಂಧಿವಾತದಿಂದ ಸೊಟ್ಟಗಾಗಿವೆ. ಕ್ಯಾಸೆಟ್ಟು ಹಾಕಿದರೆ ಕೇಳುವುದು ಬಲಗೈಯೊಂದೇ. ಜಗಳ ತೀರ್ಮಾನವಾಗದೆ ಹಾಗೇ ನಿಂತಿತ್ತು.

ಹೋದ ದೀಪಾವಳಿಗೆ ಒಂದು ಸಬ್‌ವೂಫರ್ ತಂದೆ. ತನ್ನದೇ ಆಂಪ್ಲಿಫೈಯರನ್ನು ಹೊಟ್ಟೆಯಲ್ಲಿಟ್ಟುಕೊಂಡು ಬೇರೆಯೇ ಕರೆಂಟು ಬೇಡುವ ಪೆಟ್ಟಿಗೆ ಅದು. ನನ್ನ ಹಳೆಯ ಆಂಪ್ಲಿಫೈಯರಿನಲ್ಲಿ ಅದಕ್ಕೆಂದು ತೂತಿಲ್ಲ. ಅಂಗಡಿಯ ಹುಡುಗ ‘ಹೊಸಾದು ತಗೋರಿ ಸರ’ ಎಂದ. ಬೇಕಾಗಲಿಲ್ಲ. ಪೆಟ್ಟಿಗೆಯ ಬೆನ್ನಲ್ಲಿ ಸ್ಪೀಕರಿನ ತಂತಿಯನ್ನೇ ಸಿಕ್ಕಿಸುವ ಜಾಗವಿತ್ತು. ಸ್ಪೀಕರುಗಳಿಗೆ ಹೋಗುವ ತಂತಿಗಳ ಜೊತೆಗೇ ಇನ್ನೊಂದು ಜೋಡಿ ಎಳೆದು ಅಲ್ಲಿ ಕೊಟ್ಟರೆ ಆಯಿತು. ಅದು ಸದ್ದಿನ ಸುದ್ದಿಯನ್ನಷ್ಟೇ ಪಡೆಯುತ್ತದೆ. ಹಳೆಯ ಆಂಪ್ಲಿಫೈಯರಿಗೆ ಭಾರವೇ ತಿಳಿಯುವುದಿಲ್ಲ. ಪ್ಲಗ್ಗು ಕಿತ್ತಿಟ್ಟು, ಕೆಂಪಿಗೆ ಕೆಂಪು, ಕರಿಗೆ ಕರಿ ಕೂಡಿಸಿದೆ. ಒಂದು ಎಳೆ ಪಕ್ಕದ್ದಕ್ಕೆ ತಾಗಿದರೂ ಆಂಪ್ಲಿಫೈಯರ್ ಸುಟ್ಟೀತೆಂದು ಕನ್ನಡಕ ಹಾಕಿಕೊಂಡು ಎರಡೆರಡು ಸಲ ನೋಡಿದೆ. ಸ್ವಿಚ್ಚು ಒತ್ತಿದೊಡನೆ ಒಂದೇ ಸಮನೆ ಗುಂಯ್ ಎಂದಿತು. ಎರಡು ಗೋಡೆಗಳಿಂದ ಕರೆಂಟು ಕೊಟ್ಟದ್ದರ ಫಲ. ಎರಡನ್ನೂ ಒಂದೇ ಬೋರ್ಡಿಗೆ ತಂದಾಗ ಅಡಗಿತು. ‘ತಂಬೂರಿ ಶುರು ಆತು ಅಂದ್ಕೊಂಡಿದ್ದೆ’ ಎಂದರು ಅಪ್ಪ.

ಕ್ಯಾಸೆಟ್ಟು ಹಾಕಿದೆ. ಡಗ್ಗಾ ಬಂತು, ಕಿಟಕಿಯ ಗಾಜು ನಡುಗುವಂತೆ. ಅಪ್ಪ ನಾಲ್ಕಾರು ಆವರ್ತನ ಕೇಳಿದರು. ಆಮೇಲೆ ತಲೆ ತಗ್ಗಿಸಿ, ‘ಅವರು ಹೇಳಿದ್ದು ಖರೇ ಅದ. ಜಡ’ ಎಂದು ಎದ್ದುಹೋದರು.

ಊಟಕ್ಕೆ ಕರೆದರೂ ಬರಲಿಲ್ಲ. ಈ ಹಾಳು ಪೆಟ್ಟಿಗೆಯನ್ನು ತರಬಾರದಿತ್ತು ಎನಿಸಿತು. ಒಬ್ಬನೇ ಕೂತು ಮತ್ತೆ ಕೇಳಿದಾಗ ಅನುಮಾನ ಬಂತು: ಪ್ರತಿಯೊಂದು ಪೆಟ್ಟೂ ಬಿದ್ದ ಮೇಲೆ ಎಳೆಯುತ್ತಿತ್ತು, ಮುಂದಿನದರ ಮೇಲೆ ಬಂದು ಬೀಳುತ್ತಿತ್ತು. ಪೆಟ್ಟಿಗೆಯನ್ನು ನಾನು ಇಟ್ಟದ್ದು ಕೋಣೆಯ ಮೂಲೆಯಲ್ಲಿ. ಮೂಲೆಯಲ್ಲಿ ತಗ್ಗಿನ ಸದ್ದು ಗೋಡೆಗಳಿಗೆ ಬಡಿದು ಊದಿಕೊಳ್ಳುತ್ತದೆ. ಇದಕ್ಕೊಂದು ಹಳೆಯ ಉಪಾಯವಿದೆ. ಪೆಟ್ಟಿಗೆಯನ್ನು ಕೇಳುವವರ ಕುರ್ಚಿಯ ಮೇಲಿಡುವುದು. ತಾನು ನೆಲದ ಮೇಲೆ ಅಂಬೆಗಾಲಿಡುತ್ತ ಗೋಡೆಗುಂಟ ಹೋಗುವುದು. ಎಲ್ಲಿ ಸದ್ದು ಬಿಗಿಯಾಗಿ, ಬಿಡಿಬಿಡಿಯಾಗಿ ಕೇಳುತ್ತದೋ ಅಲ್ಲಿ ಪೆಟ್ಟಿಗೆ ಇಡುವುದು. ಅರವತ್ತರ ನಾನು ಮಂಡಿಯ ಮೇಲೆ ಹೋಗುತ್ತಿದ್ದಾಗ ಅಪ್ಪ ಬಾಗಿಲಿಗೆ ಬಂದರು. ‘ಏನು ಕಳಕೊಂಡೀ?’ ಎಂದು ಕೇಳಿ, ಉತ್ತರಕ್ಕೆ ಕಾಯದೆ ಅಲ್ಲೇ ನಿಂತರು.

ಜಾಗ ಸಿಕ್ಕಿದ್ದು ಪುಸ್ತಕದ ಕಪಾಟಿನ ಮಗ್ಗುಲಲ್ಲಿ. ಎಲ್ಲಿಯವರೆಗಿನ ಸ್ವರ ಅದರ ಪಾಲಿಗೆ ಎಂಬ ಗುಂಡಿಯನ್ನು ನೂರರ ಹತ್ತಿರ ನಿಲ್ಲಿಸಿದೆ. ಫೇಸ್ ಎಂಬ ಇನ್ನೊಂದು ಸ್ವಿಚ್ಚನ್ನು ಅತ್ತಿತ್ತ ಮಾಡಿ, ಡಗ್ಗಾ ತುಂಬಿ ಬಂದ ಕಡೆಗೆ ಬಿಟ್ಟೆ. ಸದ್ದನ್ನು ಅರ್ಧಕ್ಕೂ ಕೆಳಗಿಳಿಸಿದೆ. ಈಗ ಪೆಟ್ಟಿಗೆ ಮಾತಾಡುತ್ತಿದೆ ಎಂದೇ ಗೊತ್ತಾಗುತ್ತಿರಲಿಲ್ಲ.

ಅಪ್ಪ ಬಂದು ಕುರ್ಚಿಯಲ್ಲಿ ಕೂತರು. ವಿಲಂಬಿತ ಮುಗಿದು ದ್ರುತ ಶುರುವಾಯಿತು. ಅವರ ಎಡಗೈಯ ಮಣಿಕಟ್ಟು ಕುರ್ಚಿಯ ಕೈಮೇಲೆ ಮೆಲ್ಲಗೆ ಉಜ್ಜುತ್ತಿತ್ತು. ಒಂದು ಮುಕ್ತಾಯದ ಬಳಿ ಕೈಯೆತ್ತಿ ನಿಲ್ಲಿಸಲು ಹೇಳಿದರು. ಹಿಂದಕ್ಕೆ ತಿರುಗಿಸಿ ಅದನ್ನೇ ಮೂರು ಸಲ ಕೇಳಿದರು.

‘ಇಲ್ಲಿ ಒಂದ ಕಡೆ ಜಡ ಅದ’ ಎಂದರು. ‘ಇಲ್ಲಿ ಅವರು ಹೇಳಿದ್ದು ಖರೇ.’

ಮತ್ತೆ ಕ್ಯಾಸೆಟ್ಟನ್ನು ಮಗ್ಗಲು ತಿರುಗಿಸಲು ಹೇಳಿದರು.