ಬಿಳಿ ಬಳೆ

ನಮ್ಮ ಕೆ.ಜಿ.ಎಫ್.ನಲ್ಲಿ ಕನ್ನಡ, ತಮಿಳು, ತೆಲುಗು ಮೂರೂ ಒಂದೇ ನಲ್ಲಿಯ ಕೆಳಗೆ ಬಿಂದಿಗೆ ಇಡುತ್ತವೆ. ನಾವು ಮಚ್ಚೆ ಎಂದರೆ ಎಡಮನೆಯವರು ಮಚ್ಚಂ, ಬಲಮನೆಯವರು ಪುಟ್ಟುಮಚ್ಚ ಎನ್ನುತ್ತಾರೆ. ಆದರೆ ಹೆಣ್ಣುಮಗುವಿನ ಮೈಮೇಲೆ ಬಿಳಿ ಕಲೆ ಕಂಡರೆ ಮಾತ್ರ ಮೂರು ಭಾಷೆಯವರೂ ದನಿ ತಗ್ಗಿಸುತ್ತಾರೆ.

ಅದು 2000ದ ಬೇಸಿಗೆ. ಗಣಿ ಮುಚ್ಚುತ್ತದೆಂಬ ಮಾತು ಮನೆಮನೆಯಲ್ಲೂ ಇತ್ತು. 2001ರ ಫೆಬ್ರವರಿ 28ಕ್ಕೆ ಮುಚ್ಚಿಯೂ ಮುಚ್ಚಿತು. ಒಂದು ಭಾನುವಾರ ಒಂಬತ್ತು ವರ್ಷದ ಮಗಳಿಗೆ ಎಣ್ಣೆ ಹಚ್ಚುತ್ತಿದ್ದೆ. ಬೆನ್ನ ಮೇಲಿನ ಕಂದು ಮಚ್ಚೆಯ ಸುತ್ತ ಬಳೆ ತೊಡಿಸಿದಂತೆ ಬಿಳಿ ವೃತ್ತ! ನನ್ನ ಕೈ ನಿಂತುಹೋಯಿತು. "ತೊನ್ನಿರಬಹುದು. ಯಾರಿಗೂ ಹೇಳಬೇಡ, ನಾಳೆ ಮದುವೆಯಾಗಬೇಕಾದ ಹುಡುಗಿ" ಎಂದರು ಅತ್ತೆ. ಬೆನ್ನು ಕಾಣುವ ಫ್ರಾಕುಗಳೆಲ್ಲ ಪೆಟ್ಟಿಗೆ ಸೇರಿದವು. ತಿಂಗಳು ಕಳೆದ ಮೇಲೆ ಮಗಳೇ, "ಅಮ್ಮಾ, ನಾನೇನು ತಪ್ಪು ಮಾಡಿದೆ?" ಎಂದಳು. ನಾಚಿಕೆಯಿಂದ ತಲೆ ತಗ್ಗಿತು.

ಮಾರನೆಯ ದಿನವೇ ಚಾಂಪಿಯನ್‌ನಲ್ಲಿ ರೈಲು ಹತ್ತಿ ಬಂಗಾರಪೇಟೆಯ ತವರಿಗೆ ಹೋಗಿ, ಅಕ್ಕನನ್ನು ಜೊತೆಮಾಡಿಕೊಂಡು ಚರ್ಮದ ಡಾಕ್ಟರ ಬಳಿಗೆ ನಡೆದೆ. ಅವರು ಬೆನ್ನೊಂದನ್ನೇ ನೋಡಲಿಲ್ಲ. ತಲೆಯಿಂದ ಕಾಲಿನವರೆಗೆ ಬೇರೆ ಕಲೆಗಳಿವೆಯೇ ಎಂದು ಹುಡುಕಿದರು. ಭೂತಗನ್ನಡಿ ಹಿಡಿದು ಮಚ್ಚೆಯ ಬಣ್ಣ ಒಂದೇ ಆಗಿದೆಯೇ, ಅಂಚು ಸಮವಾಗಿದೆಯೇ ಎಂದು ಪರೀಕ್ಷಿಸಿದರು. ಆಮೇಲೆ ನಕ್ಕರು.

"ಇದಕ್ಕೆ ಹೇಲೋ ನೀವಸ್ ಅಂತಾರಮ್ಮ. 1916ರಲ್ಲೇ ಅಮೆರಿಕದ ಸಟನ್ ಎಂಬ ವೈದ್ಯರು ಇದನ್ನು ವಿವರಿಸಿದ್ದಾರೆ. ಮೈಯ ಕಾವಲು ಕಣಗಳೇ ಮಚ್ಚೆಯ ಬಣ್ಣದ ಕಣಗಳ ಮೇಲೆ ಬೀಳುತ್ತವೆ. ಮಕ್ಕಳಲ್ಲಿ ಸಾಮಾನ್ಯವಾಗಿ ಅಪಾಯವಿಲ್ಲ. ಮಚ್ಚೆ ಅಂಕುಡೊಂಕಾಗಿ ಬೆಳೆದರೆ, ಬಣ್ಣ ಬಗೆಬಗೆಯಾದರೆ, ರಕ್ತ ಒಸರಿದರೆ ತಡಮಾಡದೆ ಬನ್ನಿ. ಬಿಳಿ ಜಾಗ ಬಿಸಿಲಿಗೆ ಬೇಗ ಸುಡುತ್ತದೆ. ಬಿಸಿಲಿಗಾಗಿ ಮುಚ್ಚಿ, ಜನಕ್ಕಾಗಿ ಬೇಡ. ಕೆಲವರಿಗೆ ತೊನ್ನೂ ಜೊತೆಗಿರುವುದುಂಟು, ಇವಳಿಗಿಲ್ಲ. ಇದ್ದರೂ ಅದೇನು ಅಂಟುರೋಗವಲ್ಲ."

'ಇದ್ದರೂ' ಎಂಬ ಆ ಒಂದು ಮಾತನ್ನು ಮನೆಗೆ ಬಂದು ಅತ್ತೆಗೂ ಹೇಳಿದೆ. ನನಗೂ ಹೇಳಿಕೊಂಡೆ. ಮಚ್ಚೆ ಮೆಲ್ಲಗೆ ಮಾಸಿತು. ಬಿಳುಪು ತುಂಬಿಕೊಳ್ಳಲು ವರ್ಷಗಳೇ ಹಿಡಿದವು. ಫ್ರಾಕುಗಳು ಮಾತ್ರ ಅಂದೇ ಪೆಟ್ಟಿಗೆಯಿಂದ ಹೊರಬಂದವು.

ಈಗ ಆ ಮಗಳು ಬಾಣಂತನಕ್ಕೆ ಬಂದಿದ್ದಾಳೆ. ಮೊನ್ನೆ ಕೂಸಿನ ಸೊಂಟದ ಕೆಳಗಿನ ನೀಲಿ ಕಲೆ ಕಂಡು ಎದುರುಮನೆಯಾಕೆ ದನಿ ತಗ್ಗಿಸಿದರು. ಮಗಳು ದನಿ ಏರಿಸಿಯೇ ಹೇಳಿದಳು: "ಡಾಕ್ಟರು ನೋಡಿದ್ದಾರೆ ಆಂಟಿ. ನಮ್ಮ ಕಡೆ ಎಷ್ಟೋ ಕೂಸುಗಳಿಗೆ ಇರುತ್ತದಂತೆ. ಬೆಳೆಯುತ್ತ ಮಾಸುತ್ತದಂತೆ."

ನಾನು ಎಣ್ಣೆಯ ಬಟ್ಟಲನ್ನು ಅವಳತ್ತ ಸರಿಸಿದೆ.