ಬ್ಯಾಡ ಅನ್ನಿ, ‘ರಿ’ ಮಾತ್ರ ಬಿಡಬ್ಯಾಡ್ರಿ

ಹೋದ ಭಾನುವಾರ ಕೊಟ್ಟೂರಿನಲ್ಲಿ ಅಕ್ಕನ ಮಗನ ಜೊತೆ ಒಗ್ಗರಣೆ ಮಂಡಕ್ಕಿ ತಿನ್ನುತ್ತ ಕೂತಿದ್ದೆ. ಮಿರ್ಚಿ ಆಗಷ್ಟೇ ಬಾಣಲೆಯಿಂದ ಎದ್ದು ಬಂದಿತ್ತು, ಮುರಿದರೆ ಹಬೆ. ಮೇಜಿನ ಮೇಲಿದ್ದ ಹುಡುಗನ ಫೋನು ಒಮ್ಮೆ ಗುರ್ ಅಂತು. ಎಣ್ಣೆಗೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಎತ್ತಿದ, ನೋಡಿದ, ಮಕಾಡೆ ಮಾಡಿ ಮಂಡಕ್ಕಿ ತಟ್ಟೆಯ ಪಕ್ಕ ಮಲಗಿಸಿದ.

‘ಏನಲೇ ಅದು?’

‘ಏನಿಲ್ಲ ಬಿಡು ಮಾವ.’

ಏನಿಲ್ಲ ಅಂದವನು ಕೈಯಲ್ಲಿದ್ದ ಮಿರ್ಚಿಯನ್ನು ತಟ್ಟೆಗೆ ವಾಪಸ್ ಇಟ್ಟ. ನಮ್ಮ ಸೀಮೆಯಲ್ಲಿ ಬಿಸಿ ಮಿರ್ಚಿ ವಾಪಸ್ ಇಡುವಂಥ ದುಃಖ ಸಣ್ಣದಲ್ಲ. ನಾನೇ ಫೋನು ತಿರುವಿ ನೋಡಿದೆ. ಮೇಲುಗಡೆ ಅವನು ಕಳಿಸಿದ ವರದಿ, ಬೆರಳಿನಿಂದ ತಳ್ಳಿದಷ್ಟೂ ಮುಗಿಯದಷ್ಟು ಉದ್ದ. ಅದರ ಬೆನ್ನಿಗೆ ಮೂರು ಫೋಟೊ. ಕೆಳಗಡೆ ಪತ್ರಿಕೆಯೊಂದರ ಡೆಸ್ಕಿನಿಂದ ಬಂದ ಉತ್ತರ: ‘ಬೇಡ.’

ಎರಡಕ್ಷರ, ಒಂದು ಚುಕ್ಕಿ. ಆ ಚುಕ್ಕಿ ನೋಡಿದರೆ ಯಾರೋ ಬಾಗಿಲು ಹಾಕಿ ಚಿಲಕ ಜಡಿದ ಹಾಗಿತ್ತು.

ಹುಡುಗ ಖೋ–ಖೋ ಆಡಿದವನು. ಮೊಣಕಾಲು ಕೈಕೊಟ್ಟ ಮೇಲೆ ಆಟದ ಬಗ್ಗೆ ಬರೆಯುವ ಹುಚ್ಚು ಹತ್ತಿಸಿಕೊಂಡಿದ್ದಾನೆ. ಕ್ರಿಕೆಟ್ ಬರಿಯಲೇ, ನಾಲ್ಕು ಜನ ಓದುತ್ತಾರೆ ಅಂದರೆ ಒಲ್ಲೆ ಅನ್ನುತ್ತಾನೆ. ‘ಅದನ್ನ ಬರೆಯೋರು ಓಣಿಗೊಬ್ಬರು ಅದಾರ ಮಾವ. ಖೋ–ಖೋ ಬರೆಯೋರು ಯಾರು ಹೇಳು?’ ಹೇಳುವುದಕ್ಕೆ ನನಗೆ ಹೆಸರು ಸಿಗಲಿಲ್ಲ. ಕೂಡ್ಲಿಗಿ ಸೀಮೆಯ ಒಂದು ಊರಲ್ಲಿ ನಡೆದ ಪಂದ್ಯಾವಳಿಯನ್ನು ಬಿಸಿಲಲ್ಲಿ ಎರಡು ದಿನ ನಿಂತು ನೋಡಿ ಬರೆದಿದ್ದ. ಅದಕ್ಕೇ ಈ ಚುಕ್ಕಿ.

ಆಮೇಲೆ ಶುರುವಾಯಿತು ಅರ್ಥ ಹಚ್ಚುವ ಕೆಲಸ. ನಮ್ಮ ಹಡಗಲಿ ಕಡೆಯ ಮೈಲಾರದಲ್ಲಿ ಗೊರವಯ್ಯ ಬಿಲ್ಲೇರಿ ‘ಸದ್ದಲೇ’ ಅಂದರೆ ಅಷ್ಟೂ ಜನ ಉಸಿರು ಬಿಗಿಹಿಡಿಯುತ್ತಾರೆ. ಅವನು ನುಡಿಯುವ ಕಾರ್ಣಿಕ ಒಂದೇ ಸಾಲು. ಅಲ್ಲಿಂದ ಮುಂದೆ ವರ್ಷವಿಡೀ ನಮ್ಮ ಕೆಲಸ: ಮಳೆಗೆ ಅನ್ನುವವರು, ಸರ್ಕಾರಕ್ಕೆ ಅನ್ನುವವರು, ಮೆಕ್ಕೆಜೋಳದ ರೇಟಿಗೆ ಅನ್ನುವವರು. ಹುಡುಗನೂ ತನ್ನ ಕಾರ್ಣಿಕಕ್ಕೆ ಹಾಗೇ ಅರ್ಥ ಹುಡುಕಿದ. ವರದಿ ಬೇಡವಾ? ಫೋಟೊ ಬೇಡವಾ? ಖೋ–ಖೋನೇ ಬೇಡವಾ? ಕೊನೆಗೆ, ದನಿ ಇಳಿಸಿ, ‘ನಾನೇ ಬ್ಯಾಡೇನು ಮಾವ?’

ಅವನಿಗೆ ಇನ್ನೊಂದು ಉತ್ತರವೂ ಬಂದಿತ್ತು. ಅದನ್ನು ಆಗ ತೋರಿಸಿದ. ಅದು ತೆಲುಗಿಂದು.

ಆ ಪಂದ್ಯಾವಳಿಯ ಫೈನಲ್ಲಿಗೆ ರಾಯದುರ್ಗದ ಕಡೆಯ ಒಂದು ತಂಡ ಬಂದಿತ್ತು. ಗುಡೇಕೋಟೆ ದಾಟಿದ ಮೇಲೆ ಆಟಕ್ಕೆ, ಬೀಗತನಕ್ಕೆ, ಶೇಂಗಾ ವ್ಯಾಪಾರಕ್ಕೆ ಗಡಿ ಅಂತ ಏನೂ ಇರುವುದಿಲ್ಲ. ಬಸ್ಸಿನ ಬೋರ್ಡಿನ ಅಕ್ಷರ ಬೇರೆ, ಅಷ್ಟೆ. ತಂಡ ಬಂತೆಂದರೆ ಅದರ ಸುದ್ದಿ ಕೇಳುವವನೂ ಇರಬೇಕಲ್ಲ. ತೆಲುಗು ಪತ್ರಿಕೆಯ ವಿಲೇಕರಿ ಒಬ್ಬ ಫೋನು ಮಾಡಿದ. ವಿಲೇಕರಿ ಅಂದರೆ ಅವರಲ್ಲಿ ವರದಿಗಾರ. ನಮ್ಮ ಕಿವಿಗೆ ಅದು ‘ವಿಲೇವಾರಿ’ ಅಂತಲೇ ಬೀಳುತ್ತದೆ. ಹುಡುಗನ ವರದಿಗೆ ಆಗಿದ್ದೂ ಅದೇ ಅನ್ನಿ, ಆದರೆ ಆ ವಿಲೇವಾರಿ ಮಾಡಿದ್ದು ನಮ್ಮವರು.

ಹುಡುಗನದು ಸಿನಿಮಾ ತೆಲುಗು. ಡೈಲಾಗು ಬರುತ್ತದೆ, ಮಾತು ಬರುವುದಿಲ್ಲ. ನಮ್ಮ ಹುಡುಗರು ಚೆನ್ನಾಗಿ ಓಡಿದರು ಅನ್ನುವುದನ್ನು ಹುಮ್ಮಸ್ಸಿನಲ್ಲಿ ‘ಮಾವಾಳ್ಳು ಬಾಗಾ ಓಡಾರು ಅನ್ನಾ’ ಅಂದುಬಿಟ್ಟ. ಖೋ–ಖೋದಲ್ಲಿ ಇದಕ್ಕಿಂತ ದೊಡ್ಡ ಹೊಗಳಿಕೆ ಇದೆಯೇ? ಮೂರು ಮೂರು ಜನ ಒಳಗೆ ಇಳಿಯುತ್ತಾರೆ, ಎಷ್ಟು ಹೊತ್ತು ಓಡಿದರು ಅನ್ನುವುದೇ ಅವರ ಯೋಗ್ಯತೆ. ಆದರೆ ತೆಲುಗಿನಲ್ಲಿ ‘ಓಡು’ ಅಂದರೆ ಸೋಲು. ‘ಓಡಿಪೋಯಾರು’ ಅಂದರೆ ಸೋತುಹೋದರು; ನಾವು ಕೇಳಿಸಿಕೊಂಡರೆ ಓಡಿಹೋದರು. ಇಡೀ ಆಟವೇ ಓಟದ ಮೇಲೆ ನಿಂತಿರುವಾಗ ಈ ಎರಡು ಭಾಷೆಗಳು ಅದೊಂದೇ ಪದಕ್ಕೆ ಕಿತ್ತಾಡಬೇಕೆ? ನಮ್ಮವರು ಹೀನಾಯವಾಗಿ ಸೋತರು, ತಮ್ಮ ಊರಿನವರು ಗೆದ್ದರು ಅಂತ ವಿಲೇಕರಿ ಖುಷಿಯಿಂದ ಬರೆದುಕೊಂಡ.

ಆದರೂ ಆ ಮನುಷ್ಯ ಹತ್ತು ನಿಮಿಷ ಬಿಟ್ಟು ಮತ್ತೆ ಫೋನು ಮಾಡಿದ ನೋಡಿ. ‘ತಮ್ಮುಡೂ, ಓಡಾರಾ, ಗೆಲಿಚಾರಾ?’ ಗೆದ್ದರು ಅಂತ ಗೊತ್ತಾದಾಗ ಅವನ ದನಿ ಸ್ವಲ್ಪ ಇಳಿಯಿತಂತೆ. ಆದರೆ ಅದಾದ ಮೇಲೆ ಕೇಳಿದ ಪ್ರಶ್ನೆ ಹುಡುಗನ ತಲೆಯಿಂದ ಇನ್ನೂ ಇಳಿದಿಲ್ಲ: ಕೊನೆಯ ಹುಡುಗ ಎಷ್ಟು ನಿಮಿಷ ನಿಂತ? ಎರಡು ದಿನ ಬಿಸಿಲಲ್ಲಿ ನಿಂತವನ ಬಳಿ ಅದಕ್ಕೆ ಉತ್ತರವಿರಲಿಲ್ಲ.

ಅಷ್ಟು ಸಲುಗೆ ಆದಮೇಲೆ ಹುಡುಗ ತನ್ನ ಆಸೆ ಹೇಳಿಕೊಂಡಿದ್ದಾನೆ. ಗಡಿ ಊರುಗಳ ಖೋ–ಖೋ ಅಂಗಳಗಳ ಬಗ್ಗೆ ತಾನು ಕನ್ನಡದಲ್ಲಿ ಬರೆದು ಕೊಡುತ್ತೇನೆ, ನೀವು ತೆಲುಗು ಮಾಡಿ ಹಾಕಿಸುತ್ತೀರಾ ಅಂತ. ವಿಲೇಕರಿ ತನ್ನ ಡೆಸ್ಕನ್ನು ಕೇಳಿದ. ಅಲ್ಲಿಂದ ಬಂದ ಉತ್ತರವನ್ನು ಹಾಗೇ ಇವನಿಗೆ ದಾಟಿಸಿದ: ‘ಈಸಾರಿಕಿ ವದ್ದಂಡಿ, ಮಳ್ಳೀ ಪಂಪಂಡಿ.’ ಈ ಸಲಕ್ಕೆ ಬೇಡ, ಮತ್ತೆ ಕಳಿಸಿ.

ತೆಲುಗಿನ ‘ವದ್ದು’ ನಮ್ಮ ಕಿವಿಗೆ ‘ಒದ್ದು’ ಅಂತ ಕೇಳುತ್ತದೆ. ಒದ್ದಂತೆ ಕೇಳುವ ಮಾತಿಗೂ ಹಿಂದೆ ಒಂದು ‘ಅಂಡಿ’ ಹಚ್ಚಿ ಮೆತ್ತಗೆ ಮಾಡಿದ್ದಾರೆ, ಒದೆ ಕೊಡುವ ಮುಂಚೆ ಕಾಲಿಗೆ ಬಟ್ಟೆ ಸುತ್ತಿಕೊಂಡ ಹಾಗೆ. ಇತ್ತ ಒದೆಯ ಸದ್ದೇ ಇಲ್ಲದ ನಮ್ಮ ‘ಬೇಡ’ ಮಿರ್ಚಿ ಕೆಳಗಿಡುವ ಹಾಗೆ ಬಡಿಯಿತು.

ಇದನ್ನು ಬರೆಯುವುದಕ್ಕೆ ನನಗೆ ಹೊಟ್ಟೆಯುರಿ ಇದೆ, ಮುಚ್ಚಿಡುವುದಿಲ್ಲ. ತೆಲುಗಿನವರನ್ನು ಹೊಗಳಬೇಕಾಗಿ ಬಂದಾಗಲೆಲ್ಲ ನಮಗೆ ಗಂಟಲಲ್ಲಿ ಮಂಡಕ್ಕಿ ಸಿಕ್ಕಿಕೊಳ್ಳುತ್ತದೆ. ಆದರೂ ಇದ್ದದ್ದು ಹೇಳಬೇಕು. 1974ರಲ್ಲಿ ವಿಶಾಖಪಟ್ಟಣದಲ್ಲಿ ಹುಟ್ಟಿದ ‘ಈನಾಡು’ 1989ರಲ್ಲೇ ಜಿಲ್ಲೆ ಜಿಲ್ಲೆಗೂ ಒಂದೊಂದು ಪುಟ್ಟ ಸಂಚಿಕೆ ತಂದು ಹಳ್ಳಿಯ ಸುದ್ದಿಗೆ ಚಾಪೆ ಹಾಸಿಕೊಟ್ಟಿತು. ಆ ಹೆಸರಿಗೆ ಅವರು ‘ಇಂದು’ ಅನ್ನುವ ಅರ್ಥ ಹೇಳುತ್ತಾರೆ, ನಾವು ‘ಈ ನಾಡು’ ಅಂತ ಓದಿಕೊಂಡು ನಮ್ಮದೇ ಏನೋ ಅಂದುಕೊಳ್ಳುತ್ತೇವೆ. ಖೋ–ಖೋ ಲೀಗಿನಲ್ಲೂ ಅದೇ ಕಥೆ. 2022ರಲ್ಲಿ ಅಲ್ಟಿಮೇಟ್ ಖೋ–ಖೋ ಶುರುವಾದಾಗ ಆರು ತಂಡಗಳಿದ್ದವು. ತೆಲುಗು ಯೋಧಾಸ್ ಇತ್ತು, ಚೆನ್ನೈ ಇತ್ತು, ಮುಂಬೈ ಇತ್ತು, ಕರ್ನಾಟಕದ ಹೆಸರಿನದು ಒಂದೂ ಇರಲಿಲ್ಲ. ಆ ಸಲ ಫೈನಲ್ಲಿನಲ್ಲಿ ಒಡಿಶಾದವರು 46–45ರಿಂದ ತೆಲುಗು ಯೋಧಾಸ್ ತಂಡವನ್ನು ಮಣಿಸಿದರು. ಒಂದೇ ಪಾಯಿಂಟು. ತೆಲುಗಿನವರು ಚೆನ್ನಾಗಿಯೇ ಓಡಿದರು, ಎರಡೂ ಭಾಷೆಯಲ್ಲಿ. ನಮಗೆ ಓಡುವುದಕ್ಕೆ ಅಂಗಳವೇ ಇರಲಿಲ್ಲ.

ಹಾಗಂತ ತೆಲುಗಿನ ಸಕ್ಕರೆಗೆ ಮರುಳಾಗುವಷ್ಟು ಹುಂಬನೂ ನಾನಲ್ಲ. ‘ಮಳ್ಳೀ ಪಂಪಂಡಿ’ ಅಂದರು ಸರಿ, ಹಾಕಿದರಾ? ಇಲ್ಲ. ‘ಬೇಡ’ ಅಂದವರ ಪುಟದಲ್ಲೂ ಖೋ–ಖೋ ಇಲ್ಲ, ‘ವದ್ದಂಡಿ’ ಅಂದವರ ಪುಟದಲ್ಲೂ ಇಲ್ಲ. ಲೆಕ್ಕ ಹಾಕಿದರೆ ಎರಡೂ ಸೊನ್ನೆ. ಆದರೆ ಒಂದು ಸೊನ್ನೆ ನೋಡಿ ಹುಡುಗ ಫೋನು ಮಕಾಡೆ ಮಲಗಿಸಿದ, ಇನ್ನೊಂದನ್ನು ಎರಡು ವಾರ ಅಳಿಸದೆ ಇಟ್ಟುಕೊಂಡಿದ್ದಾನೆ.

ನಮ್ಮಲ್ಲಿ ಅದಕ್ಕೆ ಮದ್ದಿಲ್ಲವೇ? ಇದೆ, ತೆಲುಗಿಗಿಂತ ಅಗ್ಗದ್ದು. ಅವರ ‘ಅಂಡಿ’ ಎರಡಕ್ಷರ, ನಮ್ಮ ‘ರಿ’ ಒಂದೇ ಅಕ್ಷರ. ಹರಪನಹಳ್ಳಿಯಿಂದ ಕೂಡ್ಲಿಗಿವರೆಗೆ ತರಕಾರಿ ಮಾರುವವಳು ‘ಇವತ್ತು ಬದ್ನೀಕಾಯಿ ಇಲ್ರಿ’ ಅನ್ನುತ್ತಾಳೆ. ಕಂಡಕ್ಟರು ‘ಚಿಲ್ರೆ ಇಲ್ರಿ’ ಅನ್ನುತ್ತಾನೆ. ಇಲ್ಲ ಅನ್ನುವುದು ಇಲ್ಲವೇ, ಆದರೆ ಆ ಒಂದಕ್ಷರ ನಮ್ಮನ್ನು ಬಾಗಿಲ ತನಕ ಬಂದು ಕಳಿಸಿಕೊಡುತ್ತದೆ. ‘ಬ್ಯಾಡ್ರಿ’ ಅಂದಿದ್ದರೆ ಹುಡುಗ ಮಿರ್ಚಿ ತಿಂದೇ ಎದ್ದಿರುತ್ತಿದ್ದ. ಡೆಸ್ಕಿನವರೇ, ಜಾಗದ ಅಭಾವ ಅನ್ನಬೇಡಿ. ಹಗರಿಬೊಮ್ಮನಹಳ್ಳಿಯನ್ನು ‘ಹಬೊಹಳ್ಳಿ’ ಮಾಡಿ ತಲೆಬರಹದಲ್ಲಿ ದಿನಾ ನಾಲ್ಕಕ್ಷರ ಉಳಿಸುತ್ತೀರಿ. ಅದರಲ್ಲಿ ಒಂದು ನಮಗೆ ಬಿಡಿ.

ಮನೆಗೆ ಬಂದ ಮೇಲೆ ಹುಡುಗನ ವರದಿಯನ್ನು ಪ್ರಿಂಟು ತೆಗೆಸಿ ಪೆನ್ನು ಹಿಡಿದು ಕೂತೆ. ಡೆಸ್ಕಿನವನ ಮೇಲೆ ಇನ್ನಷ್ಟು ಸಿಟ್ಟು ಬರಲಿ ಅಂತಲೇ ಓದತೊಡಗಿದ್ದು. ಎರಡು ಪ್ಯಾರಾ ಓದುವಷ್ಟರಲ್ಲಿ ಸಿಟ್ಟು ದಿಕ್ಕು ಬದಲಿಸಿತು. ಮೊದಲ ಪ್ಯಾರಾದಲ್ಲಿ ಪಂದ್ಯಾವಳಿ ಉದ್ಘಾಟಿಸಿದವರು. ಎರಡನೆಯದರಲ್ಲಿ ವೇದಿಕೆಯ ಮೇಲಿದ್ದವರು, ಹನ್ನೊಂದು ಹೆಸರು. ಮೂರನೆಯದರಲ್ಲಿ ‘ಕ್ರೀಡೆಯಿಂದ ಸೌಹಾರ್ದ ಬೆಳೆಯುತ್ತದೆ’ ಅನ್ನುವ ಭಾಷಣ. ಆಟ ಶುರುವಾಗಿದ್ದು ಆರನೆಯ ಪ್ಯಾರಾದಲ್ಲಿ, ಸ್ಕೋರು ಬಂದಿದ್ದು ಕೊನೆಯ ಸಾಲಲ್ಲಿ. ಮೂರು ಫೋಟೊದಲ್ಲಿ ಎರಡು ಶಾಲು ಹೊದಿಸುವುದು, ಒಂದು ಕಪ್ಪು ಹಿಡಿದು ನಿಂತದ್ದು. ಕಂಬಕ್ಕೆ ಹಾರಿ ಬಿದ್ದ ಹುಡುಗನ ಮೊಣಕೈ ಮಣ್ಣು ಎಲ್ಲೂ ಇಲ್ಲ.

‘ಲೇ ಅಳಿಯ, ನೀನು ಖೋ–ಖೋ ಬರೀತೀನಿ ಅಂದೆ. ಇದು ಶಾಲಿನ ಅಂಗಡಿ ವರದಿ.’

‘ಎಲ್ಲರೂ ಹಂಗ ಬರೀತಾರ ಮಾವ.’

‘ಎಲ್ಲರೂ ಬರೆಯೋದನ್ನ ಡೆಸ್ಕಿನವ ನಿನ್ನಿಂದ ಯಾಕ ತಗೋಬೇಕು?’

ಸಂಜೆ ಹೊತ್ತು ಆ ಡೆಸ್ಕಿನವನ ಮುಂದೆ ಏನಿರುತ್ತದೆ ಅಂತ ಯೋಚಿಸಿದೆವು. ಐದು ತಾಲ್ಲೂಕಿನ ಜಾತ್ರೆ, ಪ್ರತಿಭಟನೆ, ಅಪಘಾತ, ನಿಧನ. ಕ್ರೀಡೆಗೆ ಉಳಿದರೆ ನಾಲ್ಕು ಸಾಲು. ಅದರಲ್ಲಿ ಯಾವ ಪುಟಕ್ಕೆ ಯಾವ ಊರು ಅನ್ನುವ ಜಗಳ ಬೇರೆ. ಹರಪನಹಳ್ಳಿಯ ಹುಡುಗಿ ಓಟದಲ್ಲಿ ಗೆದ್ದಾಗ ಅವಳ ಮಾಸ್ತರರು ಒಂದು ಕಡೆ ಕಳಿಸಿದರೆ ‘ನಮ್ಮ ಎಡಿಷನ್ ಅಲ್ಲ’, ಇನ್ನೊಂದು ಕಡೆ ಕಳಿಸಿದರೂ ಅದೇ. ಹರಪನಹಳ್ಳಿಯ ಜಿಲ್ಲೆ 1997ರಲ್ಲಿ ದಾವಣಗೆರೆ, 2018ರಲ್ಲಿ ಬಳ್ಳಾರಿ, 2021ರಲ್ಲಿ ವಿಜಯನಗರ. ಊರು ಕೂತಲ್ಲೇ ಕೂತಿದೆ, ಅದಕ್ಕೆ ಖೋ ಕೊಡುವವರು ಮಾತ್ರ ಬದಲಾಗುತ್ತಿದ್ದಾರೆ.

ಬೇಡ ಅನ್ನುವ ಮಾತು ಯಾವಾಗಲೂ ಕೆಳಗಿನವರ ಮೇಲೇ ಬೀಳಬೇಕು ಅಂತಲೂ ಇಲ್ಲ. 2025ರ ಜನವರಿ 19ರಂದು ದೆಹಲಿಯ ಇಂದಿರಾ ಗಾಂಧಿ ಒಳಾಂಗಣ ಕ್ರೀಡಾಂಗಣದಲ್ಲಿ ಮೊದಲ ಖೋ–ಖೋ ವಿಶ್ವಕಪ್ ಮುಗಿಯಿತು. ನಮ್ಮ ಪುರುಷರು ನೇಪಾಳವನ್ನು 54–36ರಿಂದ, ಮಹಿಳೆಯರು 78–40ರಿಂದ ಸೋಲಿಸಿದರು. ಆ ತಂಡಗಳಲ್ಲಿ ಕರ್ನಾಟಕದ ಎಂ.ಕೆ. ಗೌತಮ್ ಇದ್ದರು, ತಿ. ನರಸೀಪುರ ತಾಲ್ಲೂಕು ಕುರುಬೂರಿನ ಬಿ. ಚೈತ್ರಾ ಇದ್ದರು. ಮಹಾರಾಷ್ಟ್ರ ತನ್ನ ಆಟಗಾರರಿಗೆ ತಲಾ 2.25 ಕೋಟಿ ರೂಪಾಯಿ ಘೋಷಿಸಿದಾಗ ಇಲ್ಲಿ ಸಿಕ್ಕಿದ್ದು ತಲಾ 5 ಲಕ್ಷದ ಘೋಷಣೆ. ಇಬ್ಬರೂ ಅದನ್ನು ನಿರಾಕರಿಸಿದರು. ವಾರಪೂರ್ತಿ ಎಲ್ಲರ ಬಾಯಲ್ಲೂ ಖೋ–ಖೋ. ಹುಡುಗನಿಗೆ ಆವತ್ತೇ ಈ ಹುಚ್ಚು ಹತ್ತಿದ್ದು. ಗೆದ್ದಾಗ ಒಂದು ವಾರ, ಬೇಡ ಅಂದಾಗ ಇನ್ನೆರಡು ದಿನ ನೆನಪಾಗುವ ಆಟವನ್ನು ಉಳಿದ ದಿನ ಯಾರು ಬರೆಯಬೇಕು ಅನ್ನುವುದು ಅವನ ಪ್ರಶ್ನೆ.

ಬುಧವಾರ ಇನ್ನೊಂದು ಪಂದ್ಯ ನೋಡಿ ಬಂದ. ಈ ಸಲ ಜೇಬಿನಲ್ಲಿ ಸಣ್ಣ ನೋಟ್‌ಬುಕ್ಕು, ಕೈಯಲ್ಲಿ ಫೋನಿನ ಸ್ಟಾಪ್‌ವಾಚು. ಮೊದಲ ಸಾಲಿನಲ್ಲೇ ಕೊನೆಯ ಹುಡುಗ 2 ನಿಮಿಷ 40 ಸೆಕೆಂಡು ಓಡಿದ್ದು. ಎರಡನೆಯದರಲ್ಲಿ ಸ್ಕೋರು. ಒಟ್ಟು ಅರವತ್ತು ಪದ. ಉದ್ಘಾಟಿಸಿದವರು ಔಟ್. ಫೋಟೊ ಒಂದೇ, ಕಂಬದ ಬುಡದಲ್ಲಿ ಎದ್ದ ಧೂಳು. ತಿದ್ದಿ ತಿದ್ದಿ ಕಳಿಸುವಷ್ಟರಲ್ಲಿ ರಾತ್ರಿ ಒಂಬತ್ತೂವರೆ.

ಉತ್ತರ ಮರುದಿನ ಬೆಳಿಗ್ಗೆ ಬಂತು: ‘ಲೇಟ್.’

ಮತ್ತೆ ಎರಡಕ್ಷರ, ಮತ್ತೆ ಚುಕ್ಕಿ. ಹುಡುಗ ನನ್ನ ಮುಖ ನೋಡಿದ. ನಾನು ಜೋರಾಗಿ ನಕ್ಕುಬಿಟ್ಟೆ. ‘ಲೇ, ಕಾರ್ಣಿಕ ಚಲೋ ನುಡಿದೈತಿ. ಲೇಟು ಅಂದ್ರ ಬ್ಯಾಡ ಅಲ್ಲ. ಲೇಟು ಅಂದ್ರ ಜಲ್ದಿ ಕಳಿಸು ಅಂತ.’

ಅವನು ಸ್ವಲ್ಪ ಹೊತ್ತು ಯೋಚಿಸಿ ಉತ್ತರ ಟೈಪು ಮಾಡಿದ. ಕಳಿಸುವ ಮುಂಚೆ ನನಗೆ ತೋರಿಸಿದ: ‘ಆಯ್ತ್ರಿ. ಮುಂದಿನ ಸಲ ಆರು ಗಂಟೆಗೇ ಕಳಿಸ್ತೀನ್ರಿ.’

‘ಎರಡೆರಡು ರಿ ಯಾಕಲೇ?’ ಅಂದೆ.

‘ಒಂದು ನನ್ನದು ಮಾವ. ಇನ್ನೊಂದು ಅವರ ಪಾಲಿಂದು. ನಾನಾ ಹಾಕೀನಿ.’